ನಾನು ಮತ ಹಾಕಿದ್ದು ಯಾರಿಗೆ? ವಾಷಿಂಗ್ಟನ್ ರಾಜ್ಯದ ಹನ್ನೆರಡು ಎಲೆಕ್ಟರ್‌ಗಳು

ಬಾಥೆಲ್‌ವಾಸಿ:

ಎಲ್ಲರಿಗೂ ನಮಸ್ಕಾರ. ಪೌರತ್ವ ಸಿಕ್ಕ ಮೇಲೆ ನಾನು ಮೊದಲ ಸಲ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕಿದ್ದು 2024ರಲ್ಲಿ. ನಾನಿರುವುದು ವಾಷಿಂಗ್ಟನ್ ರಾಜ್ಯದಲ್ಲಿ. ಶ್ವೇತಭವನ ಇರುವ ವಾಷಿಂಗ್ಟನ್ ಅಲ್ಲ, ಸಿಯಾಟಲ್ ಇರುವುದು. ಇಲ್ಲಿ ಮತಗಟ್ಟೆಯ ಸಾಲೂ ಇಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಊಟದ ಮೇಜಿನ ಮೇಲೆ ಹರವಿಕೊಂಡು ಗುರುತು ಹಾಕಿ, ಲಕೋಟೆಗೆ ಸಹಿ ಮಾಡಿ, ಬೀದಿಯ ಪೆಟ್ಟಿಗೆಗೆ ಹಾಕಿ ಬಂದೆ.

ಕೆಲವು ದಿನಗಳಾದ ಮೇಲೆ ಒಂದು ಪತ್ರ ಬಂತು: ನಿಮ್ಮ ಸಹಿ ಕಡತದಲ್ಲಿರುವ ಸಹಿಗೆ ಹೊಂದುತ್ತಿಲ್ಲ. ತಪ್ಪು ನನ್ನದೇ. ನೋಂದಣಿಯ ದಿನ ಇಂಗ್ಲಿಷಿನಲ್ಲಿ ಗೀಚಿದ್ದೆ. ಲಕೋಟೆಯ ಮೇಲೆ, ಮೊದಲ ಮತ ಎಂಬ ಹುರುಪಿನಲ್ಲಿ, ಊರಿನ ಬ್ಯಾಂಕಿನಲ್ಲಿ ಮಾಡುತ್ತಿದ್ದ ಕನ್ನಡದ ಸಹಿ ಮಾಡಿಬಿಟ್ಟಿದ್ದೆ. ಅರ್ಜಿ ತುಂಬಿ, ಮತ್ತೆ ಸಹಿ ಮಾಡಿ ಕಳುಹಿಸಿದ ಮೇಲೆ ಮತ ಎಣಿಕೆಗೆ ಸೇರಿತು. ದೂರು ಹೇಳುತ್ತಿಲ್ಲ, ಪರಿಶೀಲನೆ ಬೇಕು. ಆದರೆ ಆ ಅರ್ಜಿ ತುಂಬುವಾಗ ಹೊಳೆದ ಪ್ರಶ್ನೆ ಇದು. ನಾನು ನಾನೇ ಎಂದು ಎರಡು ಬಾರಿ ಸಾಬೀತು ಮಾಡಿದೆ, ಸರಿ. ನಾನು ಮತ ಹಾಕಿದ್ದು ಯಾರಿಗೆ? ಮತಪತ್ರದಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಅಭ್ಯರ್ಥಿಗಳ ಹೆಸರಿತ್ತು. ಕಾನೂನಿನ ಪ್ರಕಾರ ನಾನು ಆರಿಸಿದ್ದು ಅವರನ್ನಲ್ಲ, ಅವರ ಪರವಾಗಿ ನಿಂತ, ಆಮೇಲೆ ಸೇರಿ ಅಧ್ಯಕ್ಷರಿಗೆ ನಿಜವಾಗಿ ಮತ ಹಾಕುವ 12 ಮಂದಿ ಎಲೆಕ್ಟರ್‌ಗಳನ್ನು. ಅವರ ಹೆಸರು ಮತಪತ್ರದ ಹಿಂದೆ, ಮುಂದೆ, ಮೂಲೆಯಲ್ಲಿ ಎಲ್ಲೂ ಇರಲಿಲ್ಲ. ಇವರನ್ನು ಹುಡುಕಿ ತರುವವರು ಯಾರು? ಮಾತಿಗೆ ತಪ್ಪಿದರೆ ಕೇಳುವವರು ಯಾರು?

ಹಳೆಯ ವಕೀಲ, ದಾವಣಗೆರೆ:

ಒಳ್ಳೆಯ ಪ್ರಶ್ನೆ. ಅಮೆರಿಕದ ಸಂವಿಧಾನ ಈ ವಿಚಾರದಲ್ಲಿ ಬಹಳ ಮಿತಭಾಷಿ. ಪ್ರತಿ ರಾಜ್ಯವೂ ತನ್ನ ಶಾಸಕಾಂಗ ವಿಧಿಸಿದ ರೀತಿಯಲ್ಲಿ ಎಲೆಕ್ಟರ್‌ಗಳನ್ನು ನೇಮಿಸತಕ್ಕದ್ದು ಎಂದು ಎರಡನೆಯ ವಿಧಿಯಲ್ಲಿ ಹೇಳಿ ಕೈತೊಳೆದುಕೊಂಡಿದೆ. ಸಂಖ್ಯೆಯನ್ನು ಮಾತ್ರ ಗೊತ್ತುಮಾಡಿದೆ. ಪ್ರತಿನಿಧಿ ಸಭೆಗೆ ಕಳುಹಿಸುವ ಸದಸ್ಯರು ಎಷ್ಟೋ ಅಷ್ಟು, ಅದಕ್ಕೆ ಇಬ್ಬರು ಸೆನೆಟರ್‌ಗಳ ಲೆಕ್ಕ. ನಿಮ್ಮ ರಾಜ್ಯಕ್ಕೆ ಹತ್ತು ಮತ್ತು ಎರಡು, ಒಟ್ಟು 12. ದೇಶಕ್ಕೆ 538, ಗೆಲ್ಲಲು 270.

ಆ ‘ರೀತಿ’ ಎಂಬ ಪದದ ಹೊಟ್ಟೆಯೊಳಗೆ ಏನೆಲ್ಲ ಅಡಗಿತ್ತು ನೋಡಿ. ದಕ್ಷಿಣ ಕೆರೊಲಿನಾದಲ್ಲಿ 1860ರವರೆಗೂ ಜನರನ್ನು ಕೇಳುವ ಗೋಜೇ ಇರಲಿಲ್ಲ, ಶಾಸಕರೇ ಎಲೆಕ್ಟರ್‌ಗಳನ್ನು ಆರಿಸುತ್ತಿದ್ದರು. ಕೊಲೊರಾಡೊ 1876ರಲ್ಲಿ ರಾಜ್ಯವಾಗಿ ಕಣ್ಣುಬಿಟ್ಟಾಗ ಅಲ್ಲಿಯೂ ಶಾಸಕಾಂಗವೇ ಮೂವರನ್ನು ನೇಮಿಸಿತು. ಅದೇ ಕೊನೆ. ಈಗ ಎಲ್ಲ ರಾಜ್ಯಗಳಲ್ಲೂ ಜನರ ಮತದಿಂದಲೇ ನೇಮಕ.

ವಾಷಿಂಗ್ಟನ್ನಿನ ಪದ್ಧತಿ ಹೀಗೆ. ಅಭ್ಯರ್ಥಿಯನ್ನು ನಿಲ್ಲಿಸುವ ಪ್ರತಿ ಪಕ್ಷವೂ ತನ್ನ 12 ಎಲೆಕ್ಟರ್‌ಗಳ ಹೆಸರು, ವಿಳಾಸ ಬರೆದು ರಾಜ್ಯ ಕಾರ್ಯದರ್ಶಿಗೆ ಸಲ್ಲಿಸಬೇಕು. ಇದು ನಮ್ಮ ಮುಖ್ಯ ಕಾರ್ಯದರ್ಶಿಯಂತಹ ಹುದ್ದೆಯಲ್ಲ. ಚುನಾವಣೆಗಳ ಮೇಲ್ವಿಚಾರಣೆ ನಡೆಸುವ, ತಾವೇ ಚುನಾವಣೆಯಲ್ಲಿ ಗೆದ್ದು ಬರುವ ಅಧಿಕಾರಿ. ಪ್ರತಿ ಎಲೆಕ್ಟರ್ ಕೂಡ ‘ನನ್ನ ಪಕ್ಷದ ಅಭ್ಯರ್ಥಿಗಳಿಗೇ ಮತ ಹಾಕುತ್ತೇನೆ’ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಎಲೆಕ್ಟರ್‌ಗಳ ಹೆಸರು ಮತಪತ್ರದಲ್ಲಿ ಇರಕೂಡದು ಎಂದು ಆ ರಾಜ್ಯದ ಕಾನೂನೇ ಹೇಳುತ್ತದೆ. ನಿಮ್ಮ ಕಣ್ಣಿಗೆ ಬೀಳದಿದ್ದುದು ಅಚಾತುರ್ಯವಲ್ಲ, ಕಾನೂನು ಹಾಗೆಯೇ ಇದೆ.

ಸುಮ್ಮನೆ ಓದುವವನು:

ಮುಚ್ಚಳಿಕೆ! ಈ ಪದ ಕೇಳಿದರೆ ಪೊಲೀಸ್ ಠಾಣೆ ನೆನಪಾಗುತ್ತದೆ.

ಟಕೋಮಾದ ಕಾಫಿಪುಡಿ:

ಪಕ್ಷದೊಳಗೆ ಇವರನ್ನು ಆರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲಿನ ಡೆಮಾಕ್ರಟಿಕ್ ಪಕ್ಷದಲ್ಲಿ ಪ್ರತಿನಿಧಿ ಸಭೆಯ ಕ್ಷೇತ್ರವಾರು ಸಭೆ ಸೇರಿ ಒಬ್ಬೊಬ್ಬ ಎಲೆಕ್ಟರ್‌ನನ್ನು ಆರಿಸುತ್ತಾರೆ. 2016ರಲ್ಲಿ ಅಂತಹ ಒಂದು ಸಭೆಗೆ ಸ್ನೇಹಿತೆಯ ಜೊತೆ ಹೋಗಿದ್ದೆ. ಶಾಲೆಯೊಂದರ ವ್ಯಾಯಾಮ ಶಾಲೆ, ಮಡಚುವ ಕುರ್ಚಿಗಳು, ಕೈಕೊಡುವ ಮೈಕು. ರಾಷ್ಟ್ರೀಯ ಅಧಿವೇಶನಕ್ಕೆ ಪ್ರತಿನಿಧಿಗಳನ್ನು ಆರಿಸುವಾಗ ಮದುವೆ ಮನೆಯ ಗಲಾಟೆ. ಎಲೆಕ್ಟರ್ ಆಯ್ಕೆ ಬಂದದ್ದು ಸಂಜೆಯಾದ ಮೇಲೆ, ಅಷ್ಟರಲ್ಲಿ ಅರ್ಧ ಕುರ್ಚಿ ಖಾಲಿ. ಒಬ್ಬೊಬ್ಬರೂ ಬಂದು ಒಂದು ನಿಮಿಷ ಮಾತಾಡಿದರು. ನನ್ನ ಪಕ್ಕದ ಅಜ್ಜಿ ಉಣ್ಣೆ ಹೆಣೆಯುತ್ತಾ, ‘ಇದು ಮರ್ಯಾದೆಯ ಹುದ್ದೆ ಅಷ್ಟೇ, ಡಿಸೆಂಬರಿನಲ್ಲಿ ಒಂದು ದಿನದ ಕೆಲಸ’ ಎಂದರು.

ಆ ವರ್ಷ ಇಲ್ಲಿನ ಪಕ್ಷದ ಸಭೆಗಳಲ್ಲಿ ಬರ್ನಿ ಸ್ಯಾಂಡರ್ಸ್ ಬೆಂಬಲಿಗರದೇ ಮೇಲುಗೈ. ಅಭ್ಯರ್ಥಿಯಾದದ್ದು ಹಿಲರಿ ಕ್ಲಿಂಟನ್. ಅಂದರೆ ಮುಚ್ಚಳಿಕೆ ಬರೆದವರ ಮನಸ್ಸು ಒಂದು ಕಡೆ, ಕೈ ಇನ್ನೊಂದು ಕಡೆ. ಮುಂದೆ ಏನಾಯಿತೋ ಅದರ ಬೀಜ ಆ ಖಾಲಿ ಕುರ್ಚಿಗಳಲ್ಲೇ ಇತ್ತು ಎಂದು ನನಗೆ ಅನಿಸುತ್ತದೆ.

ಬಾಥೆಲ್‌ವಾಸಿ:

ಮುಂದೆ ಏನಾಯಿತು? ನಾನು ಆಗ ವೀಸಾ ಚಿಂತೆಯಲ್ಲಿದ್ದೆ, ಇದ್ಯಾವುದೂ ತಲೆಗೆ ಹೋಗಿರಲಿಲ್ಲ.

ಟಕೋಮಾದ ಕಾಫಿಪುಡಿ:

ರಾಜ್ಯದಲ್ಲಿ ಕ್ಲಿಂಟನ್ ಗೆದ್ದರು. ದೇಶದಲ್ಲಿ ಟ್ರಂಪ್ ಗೆದ್ದರು. ಡಿಸೆಂಬರ್ 19ರ ಮಧ್ಯಾಹ್ನ ಒಲಿಂಪಿಯಾದಲ್ಲಿ, ಅಂದರೆ ನಮ್ಮ ರಾಜಧಾನಿಯಲ್ಲಿ, ಎಲೆಕ್ಟರ್‌ಗಳ ಸಭೆ. ರಾಜ್ಯ ಸರ್ಕಾರದ ಕಲಾಪ ತೋರಿಸುವ ಟಿವಿಡಬ್ಲ್ಯೂ ವಾಹಿನಿಯಲ್ಲಿ ನೋಡಿದೆ. ಒಬ್ಬರ ಹಿಂದೆ ಒಬ್ಬರು ಕಾಗದಕ್ಕೆ ಹೆಸರು ಬರೆದು ಸಹಿ ಮಾಡಿದರು. ಆಗ ರಾಜ್ಯ ಕಾರ್ಯದರ್ಶಿ ಕಿಮ್ ವೈಮನ್, ರಿಪಬ್ಲಿಕನ್ ಪಕ್ಷದವರು. ಫಲಿತಾಂಶವನ್ನು ದಿನಸಿ ಪಟ್ಟಿ ಓದುವ ದನಿಯಲ್ಲೇ ಓದಿದರು: ಹಿಲರಿ ಕ್ಲಿಂಟನ್ 8, ಕಾಲಿನ್ ಪೊವೆಲ್ 3, ಫೇತ್ ಸ್ಪಾಟೆಡ್ ಈಗಲ್ 1.

ಚುನಾವಣೆಗೇ ನಿಲ್ಲದ, ಹಿಂದೆ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಪೊವೆಲ್ ಮೂರು ಮತ ಪಡೆದು ಆ ವರ್ಷದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಬಂದರು. ಫೇತ್ ಸ್ಪಾಟೆಡ್ ಈಗಲ್ ದಕ್ಷಿಣ ಡಕೋಟಾದ ಯಾಂಕ್ಟನ್ ಬುಡಕಟ್ಟಿನ ಹಿರಿಯ ಹೋರಾಟಗಾರ್ತಿ. ಅಧ್ಯಕ್ಷ ಸ್ಥಾನಕ್ಕೆ ಎಲೆಕ್ಟರ್ ಮತ ಪಡೆದ ಮೊದಲ ಮೂಲನಿವಾಸಿ ಅವರು. ಮತ ಕೊಟ್ಟ ಎಲೆಕ್ಟರ್ ಕೂಡ ಮೂಲನಿವಾಸಿಯೇ, ಇಲ್ಲೇ ನಮ್ಮ ಟಕೋಮಾ ಪಕ್ಕದ ಪ್ಯುಯಲ್ಲಪ್ ಬುಡಕಟ್ಟಿನವರು.

ಪೊವೆಲ್ ಏಕೆ ಎಂದು ಕೇಳುತ್ತೀರಿ. ಡೆಮಾಕ್ರಟ್‌ಗಳು ತಮ್ಮ ಅಭ್ಯರ್ಥಿಯನ್ನು ಬಿಟ್ಟುಕೊಟ್ಟು ಒಬ್ಬ ಸೌಮ್ಯ ರಿಪಬ್ಲಿಕನ್ನನಿಗೆ ಮತ ಹಾಕಿದರೆ, ಬೇರೆ ರಾಜ್ಯಗಳ ರಿಪಬ್ಲಿಕನ್ ಎಲೆಕ್ಟರ್‌ಗಳೂ ಟ್ರಂಪ್ ಅವರನ್ನು ಬಿಟ್ಟು ಈ ಕಡೆ ಬಂದಾರು ಎಂಬ ಲೆಕ್ಕ. 37 ಮಂದಿ ಜಾರಿದ್ದರೆ ಟ್ರಂಪ್ 306ರಿಂದ 269ಕ್ಕೆ ಇಳಿಯುತ್ತಿದ್ದರು, ತೀರ್ಮಾನ ಪ್ರತಿನಿಧಿ ಸಭೆಗೆ ಹೋಗುತ್ತಿತ್ತು. ಜಾರಿದವರು ಟೆಕ್ಸಸ್‌ನ ಇಬ್ಬರು ಮಾತ್ರ.

ಮಲೆನಾಡಿಗ:

ನಾನು ಆ ನಾಲ್ವರ ಪರ. ಅಮೆರಿಕದ ಸಂವಿಧಾನ ರೂಪಿಸಿದವರಲ್ಲಿ ಒಬ್ಬರಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಈ ವ್ಯವಸ್ಥೆಯನ್ನು ಸಮರ್ಥಿಸಿದ್ದೇ ವಿವೇಚನೆಯುಳ್ಳ ಕೆಲವರು ಕೂತು ಅಳೆದು ತೂಗಿ ಆರಿಸುತ್ತಾರೆ ಎಂಬ ಕಾರಣಕ್ಕೆ. ಅಳೆಯಬೇಡ, ತೂಗಬೇಡ, ಬರೆದುಕೊಟ್ಟದ್ದಕ್ಕೆ ಸಹಿ ಹಾಕು ಎನ್ನುವುದಾದರೆ ಮನುಷ್ಯ ಏಕೆ ಬೇಕು? ರಬ್ಬರ್ ಮೊಹರು ಸಾಲದೇ?

ನಮ್ಮ 1969 ನೆನಪಿಸಿಕೊಳ್ಳಿ. ಬೆಂಗಳೂರಿನ ಎಐಸಿಸಿ ಅಧಿವೇಶನದ ಹೊತ್ತಿನಲ್ಲಿ ಕಾಂಗ್ರೆಸ್ ನೀಲಂ ಸಂಜೀವ ರೆಡ್ಡಿ ಅವರನ್ನು ರಾಷ್ಟ್ರಪತಿ ಹುದ್ದೆಗೆ ಅಭ್ಯರ್ಥಿ ಎಂದು ತೀರ್ಮಾನಿಸಿತು. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ರೆಡ್ಡಿ ಅವರ ನಾಮಪತ್ರಕ್ಕೆ ಸಹಿ ಹಾಕಿದ್ದ ಇಂದಿರಾ ಗಾಂಧಿಯವರೇ ಆಮೇಲೆ ‘ಆತ್ಮಸಾಕ್ಷಿಯಂತೆ ಮತ ಹಾಕಿ’ ಎಂದರು. ವಿ.ವಿ. ಗಿರಿ ಗೆದ್ದರು. ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಸೇರಿಸಿದಾಗ 4,20,077 ಮತಮೌಲ್ಯ, ರೆಡ್ಡಿ ಅವರಿಗೆ 4,05,427. ಶಾಸಕರೂ ಸಂಸದರೂ ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಇತಿಹಾಸವೇ ಬೇರೆಯಾಗುತ್ತಿತ್ತು. ಆತ್ಮಸಾಕ್ಷಿಗೆ ಒಂದು ಕಿಟಕಿಯನ್ನಾದರೂ ತೆರೆದಿಡಬೇಕು.

ಹಳೆಯ ವಕೀಲ, ದಾವಣಗೆರೆ:

ನಮ್ಮ ಜಿಲ್ಲೆಯವರ ಮುಂದೆ ನಿಜಲಿಂಗಪ್ಪನವರ ಗಾಯ ಕೆದಕಬೇಡಿ ಸ್ವಾಮಿ. ಆಗ ಚಿತ್ರದುರ್ಗ, ದಾವಣಗೆರೆ ಒಂದೇ ಜಿಲ್ಲೆ. ಆ ಚುನಾವಣೆಯ ಬಗ್ಗೆ ನಮ್ಮ ತಂದೆ ಕೊನೆಯವರೆಗೂ ‘ಆತ್ಮ ಇಂದಿರಾ ಅವರದು, ಸಾಕ್ಷಿ ಮಾತ್ರ ಶಾಸಕರದು’ ಎನ್ನುತ್ತಿದ್ದರು.

ತಮಾಷೆ ಇರಲಿ. ನಿಮ್ಮ ಹೋಲಿಕೆಯಲ್ಲಿ ಒಂದು ಬಿರುಕಿದೆ. ನಮ್ಮಲ್ಲಿ ರಾಷ್ಟ್ರಪತಿಗೆ ಮತ ಹಾಕುವವರು ಚುನಾಯಿತ ಶಾಸಕರು ಮತ್ತು ಸಂಸದರು. ಕರ್ನಾಟಕದ ಒಬ್ಬ ಶಾಸಕರ ಮತಮೌಲ್ಯ 131, ಅದೂ 1971ರ ಜನಗಣತಿಯ ಲೆಕ್ಕದಲ್ಲಿ. 224 ಮಂದಿಗೆ 29,344. ಮತದಾನ ಗುಪ್ತ, ಪಕ್ಷಗಳು ವಿಪ್ ಹೊರಡಿಸುವಂತಿಲ್ಲ. ಆದರೆ ಆ 224 ಮಂದಿಯ ಮುಖ ನಮಗೆ ಗೊತ್ತು. ಚರಂಡಿ ಕಟ್ಟಿಕೊಂಡರೆ ಅವರ ಮನೆಯ ಬಾಗಿಲಿಗೆ ಹೋಗುತ್ತೇವೆ. ಐದು ವರ್ಷಕ್ಕೊಮ್ಮೆ ಅವರೇ ನಮ್ಮ ಬಾಗಿಲಿಗೆ ಬರುತ್ತಾರೆ. ಅವರ ಸ್ವಾತಂತ್ರ್ಯದ ಹಿಂದೆ ಹೊಣೆಯೂ ಇದೆ. ವಾಷಿಂಗ್ಟನ್ನಿನ ಎಲೆಕ್ಟರ್‌ನನ್ನು ಯಾವ ಮತದಾರನೂ ಹೆಸರಿಟ್ಟು ಆರಿಸಿಲ್ಲ. ಡಿಸೆಂಬರಿನ ಒಂದು ಮಧ್ಯಾಹ್ನ ಕೆಲಸ ಮುಗಿಸಿ ಮನೆಗೆ ಹೋದರೆ ಮತ್ತೆ ಯಾರ ಮುಂದೆಯೂ ನಿಲ್ಲಬೇಕಿಲ್ಲ. ಹೆಸರನ್ನು ಮತಪತ್ರದಿಂದ ತೆಗೆದ ಮೇಲೆ ಸ್ವಾತಂತ್ರ್ಯವನ್ನು ಮಾತ್ರ ಉಳಿಸಿಕೊಡಿ ಎಂದರೆ ಹೇಗೆ?

ಈ ಜಗಳ ಹೊಸತೂ ಅಲ್ಲ. 1796ರಲ್ಲಿ ಪೆನ್ಸಿಲ್ವೇನಿಯಾದ ಸ್ಯಾಮ್ಯುಯೆಲ್ ಮೈಲ್ಸ್ ಎಂಬ ಎಲೆಕ್ಟರ್, ಜಾನ್ ಆಡಮ್ಸ್ ಪರ ಎಂದು ಆಯ್ಕೆಯಾಗಿ ಥಾಮಸ್ ಜೆಫರ್ಸನ್‌ಗೆ ಮತ ಹಾಕಿದ. ಒಬ್ಬ ಮತದಾರ ಪತ್ರಿಕೆಗೆ ಬರೆದ: ನಾನು ಅವನನ್ನು ಆರಿಸಿದ್ದು ಕೆಲಸ ಮಾಡಲಿಕ್ಕೆ, ಯೋಚಿಸಲಿಕ್ಕೆ ಅಲ್ಲ.

ಸುಮ್ಮನೆ ಓದುವವನು:

ಈ ವಾಕ್ಯವನ್ನು ನಮ್ಮ ಕಂಪನಿಯವರು ನೇಮಕ ಪತ್ರದಲ್ಲೇ ಅಚ್ಚು ಹಾಕಿಸಬಹುದು.

ಬಾಥೆಲ್‌ವಾಸಿ:

ಆ ನಾಲ್ವರಿಗೆ ಏನಾಯಿತು? ಮುಚ್ಚಳಿಕೆ ಮುರಿದದ್ದಕ್ಕೆ ಜೈಲೇ?

ಹಳೆಯ ವಕೀಲ, ದಾವಣಗೆರೆ:

ದಂಡ. ತಲಾ 1,000 ಡಾಲರ್. ಈ ದಂಡದ ಕಥೆ ಸ್ವಾರಸ್ಯವಾಗಿದೆ, ಸ್ವಲ್ಪ ಹಿಂದಕ್ಕೆ ಹೋಗಬೇಕು.

1976ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಜೆರಾಲ್ಡ್ ಫೋರ್ಡ್ ಗೆದ್ದರು. ಆಗ ಅಲ್ಲಿ ಒಂಬತ್ತು ಎಲೆಕ್ಟರ್‌ಗಳು. ಸ್ಪೋಕೇನ್ ನಗರದ ಮೈಕ್ ಪ್ಯಾಡೆನ್ ಎಂಬುವರು ಫೋರ್ಡ್ ಅವರನ್ನು ಬಿಟ್ಟು ರೊನಾಲ್ಡ್ ರೇಗನ್ ಹೆಸರು ಬರೆದರು. ಚುನಾವಣೆಯನ್ನು ಜಿಮ್ಮಿ ಕಾರ್ಟರ್ ಆಗಲೇ ಗೆದ್ದಾಗಿತ್ತು, ಒಂದು ಮತದಿಂದ ಏನೂ ಆಗಲಿಲ್ಲ. ಆದರೆ ರಾಜ್ಯಕ್ಕೆ ಮುಖಭಂಗವಾಯಿತು. ಮರುವರ್ಷವೇ, 1977ರಲ್ಲಿ, ಪಕ್ಷ ನಿಲ್ಲಿಸಿದವರಿಗಲ್ಲದೆ ಬೇರೆಯವರಿಗೆ ಮತ ಹಾಕಿದರೆ 1,000 ಡಾಲರ್‌ವರೆಗೆ ದಂಡ ಎಂದು ಶಾಸಕಾಂಗ ಕಾನೂನು ಮಾಡಿತು. ಪ್ಯಾಡೆನ್ ಅವರ ಮಾನವೇನೂ ಹೋಗಲಿಲ್ಲ. ಮುಂದೆ ಅದೇ ಶಾಸಕಾಂಗದ ಸದಸ್ಯರಾಗಿ ದೀರ್ಘಕಾಲ ಇದ್ದರು. ಕಾನೂನು ಮಾತ್ರ ಮನೆಯ ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆಯಂತೆ 39 ವರ್ಷ ಹಾಗೇ ಬಿದ್ದಿತ್ತು. 2016ರಲ್ಲಿ ಅದರ ಬೀಗ ತೆಗೆದರು. ಎಲೆಕ್ಟರ್ ಮತಕ್ಕಾಗಿ ದಂಡ ಬಿದ್ದದ್ದು ಅಮೆರಿಕದ ಇತಿಹಾಸದಲ್ಲೇ ಮೊದಲು.

ಒಂದು ಚಿಲ್ಲರೆ ಸಂಗತಿ ಹೇಳದೆ ಇರಲಾರೆ. ಆಗ ಅದೇ ಕಾನೂನು ಪುಸ್ತಕದಲ್ಲಿ ಎಲೆಕ್ಟರ್‌ಗೆ ಗೊತ್ತುಪಡಿಸಿದ್ದ ಭತ್ಯೆ ದಿನಕ್ಕೆ 5 ಡಾಲರ್, ಪ್ರಯಾಣಕ್ಕೆ ಮೈಲಿಗೆ 10 ಸೆಂಟ್. ಐದು ರೂಪಾಯಿಯ ಕೂಲಿ, ಸಾವಿರ ರೂಪಾಯಿಯ ದಂಡ.

ಮಲೆನಾಡಿಗ:

ಅದಕ್ಕೇ ಹೇಳಿದ್ದು. ಕೂಲಿ ಕೊಡುವಾಗ ಆಳು, ದಂಡ ಹಾಕುವಾಗ ಅಪರಾಧಿ.

ಹಳೆಯ ವಕೀಲ, ದಾವಣಗೆರೆ:

ಮೂವರು ನ್ಯಾಯಾಲಯಕ್ಕೆ ಹೋದರು. ಪ್ರಕರಣದ ಹೆಸರು ಚಿಯಾಫಾಲೊ ವರ್ಸಸ್ ವಾಷಿಂಗ್ಟನ್. ರಾಜ್ಯದ ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ ದಂಡವನ್ನು ಎತ್ತಿಹಿಡಿಯಿತು. ಅತ್ತ ಕೊಲೊರಾಡೊದಲ್ಲಿ ಅದೇ 2016ರಲ್ಲಿ ಒಬ್ಬ ಎಲೆಕ್ಟರ್ ಮಾತು ತಪ್ಪಿ ರಿಪಬ್ಲಿಕನ್ ಪಕ್ಷದ ಜಾನ್ ಕೇಸಿಕ್ ಹೆಸರು ಬರೆದಿದ್ದ. ಅಲ್ಲಿ ದಂಡವಲ್ಲ, ಆತನನ್ನೇ ತೆಗೆದುಹಾಕಿ ಬೇರೆಯವರಿಂದ ಮತ ಹಾಕಿಸಿದ್ದರು. ಆ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಎಲೆಕ್ಟರ್ ಪರ ನಿಂತಿತು. ಎರಡು ದಿಕ್ಕಿಗೆ ಎರಡು ತೀರ್ಪು ಬಂದ ಮೇಲೆ ಅಮೆರಿಕದ ಸುಪ್ರೀಂ ಕೋರ್ಟ್ ಕೈಹಾಕಲೇಬೇಕಾಯಿತು. 2020ರ ಮೇ ತಿಂಗಳಲ್ಲಿ, ಕೊರೊನಾ ಕಾಲವಾದ್ದರಿಂದ, ದೂರವಾಣಿಯಲ್ಲೇ ವಾದ ನಡೆಯಿತು. ಜುಲೈ 6ರಂದು ತೀರ್ಪು.

ಫಲಿತಾಂಶದಲ್ಲಿ ಒಬ್ಬ ನ್ಯಾಯಮೂರ್ತಿಯ ಭಿನ್ನಮತವೂ ಇಲ್ಲ. ತೀರ್ಪು ಬರೆದವರು ಎಲಿನಾ ಕೇಗನ್. ಅವರ ತರ್ಕ ಸರಳ. ನೇಮಿಸುವ ಅಧಿಕಾರ ಇದ್ದವರಿಗೆ ಷರತ್ತು ಹಾಕುವ ಅಧಿಕಾರವೂ ಇದೆ. ಷರತ್ತು ಹಾಕಬಹುದಾದರೆ ಅದನ್ನು ಮುರಿದವರನ್ನು ಶಿಕ್ಷಿಸಲೂಬಹುದು. ಮುಚ್ಚಳಿಕೆ ಬರೆಸಿಕೊಳ್ಳುವುದು ತಪ್ಪಲ್ಲ ಎಂದು 1952ರಲ್ಲೇ, ಅಲಬಾಮಾದ ಪ್ರಕರಣವೊಂದರಲ್ಲಿ, ಅದೇ ನ್ಯಾಯಾಲಯ ಹೇಳಿತ್ತು. ಹ್ಯಾಮಿಲ್ಟನ್ ಅವರ ಮನಸ್ಸಿನಲ್ಲಿ ವಿವೇಚನಾಶೀಲ ಎಲೆಕ್ಟರ್ ಇದ್ದಿರಬಹುದು, ಆದರೆ ಅದನ್ನು ಯಾರೂ ಸಂವಿಧಾನದ ಪಠ್ಯದಲ್ಲಿ ಬರೆಯಲಿಲ್ಲ ಎಂಬುದು ಮಲೆನಾಡಿಗರ ವಾದಕ್ಕೆ ಕೇಗನ್ ಕೊಟ್ಟ ಉತ್ತರ. ಇತಿಹಾಸದ ಲೆಕ್ಕವನ್ನೂ ತೆಗೆದರು: 23 ಸಾವಿರಕ್ಕೂ ಹೆಚ್ಚು ಎಲೆಕ್ಟರ್ ಮತಗಳಲ್ಲಿ ಮಾತು ತಪ್ಪಿದವು ಸುಮಾರು 180. ಅದರಲ್ಲೂ ಮೂರನೆಯ ಒಂದು ಭಾಗ 1872ರದು, ಅಭ್ಯರ್ಥಿ ಹೊರೇಸ್ ಗ್ರೀಲಿ ಎಲೆಕ್ಟರ್‌ಗಳು ಸೇರುವ ಮೊದಲೇ ತೀರಿಕೊಂಡಾಗ. ಸತ್ತವರಿಗೇ ಮತ ಹಾಕಿ ಎಂದು ರಾಜ್ಯ ಒತ್ತಾಯಿಸಬಹುದು ಎಂಬ ಅರ್ಥವನ್ನು ಈ ತೀರ್ಪಿಗೆ ಕೊಡಬೇಡಿ ಎಂದೂ ಅಡಿಟಿಪ್ಪಣಿಯಲ್ಲಿ ಎಚ್ಚರಿಸಿದ್ದಾರೆ.

ನನ್ನ ಮೆಚ್ಚುಗೆ ತೀರ್ಪಿಗಿಂತ ಹೆಚ್ಚಾಗಿ ಅದು ಬಂದ ಸಮಯಕ್ಕೆ. ಮುಂದಿನ ಚುನಾವಣೆಗೆ ನಾಲ್ಕು ತಿಂಗಳು ಮೊದಲು ಬಂತು. ಡಿಸೆಂಬರಿನಲ್ಲಿ, ಒಂದೆರಡು ಮತದ ಮೇಲೆ ದೇಶ ತೂಗಾಡುತ್ತಿರುವಾಗ ಈ ಪ್ರಶ್ನೆ ಎದ್ದಿದ್ದರೆ ಗತಿ ಏನು?

ಒಮಾಹಾದಿಂದ:

ಇಡೀ ಚರ್ಚೆ ‘ಎಲ್ಲ 12 ಒಬ್ಬರಿಗೇ’ ಎಂಬ ಊಹೆಯ ಮೇಲೆ ನಿಂತಿದೆ. ಅದೂ ರಾಜ್ಯದ ಆಯ್ಕೆಯೇ, ಸಂವಿಧಾನದ ಕಟ್ಟಪ್ಪಣೆಯಲ್ಲ. ನಮ್ಮ ನೆಬ್ರಾಸ್ಕದಲ್ಲಿ ಐದು ಮತ: ರಾಜ್ಯದ ಒಟ್ಟು ವಿಜೇತರಿಗೆ ಎರಡು, ಮೂರು ಕ್ಷೇತ್ರಗಳಿಗೆ ಒಂದೊಂದು. ಮೇನ್ ರಾಜ್ಯ ಇದನ್ನು 1972ರಿಂದ ಮಾಡುತ್ತಿದೆ, ನಾವು 1992ರಿಂದ. ಒಮಾಹಾ ನಗರ ಇರುವ ಎರಡನೆಯ ಕ್ಷೇತ್ರ 2008, 2020, 2024ರಲ್ಲಿ ರಾಜ್ಯದ ಉಳಿದ ಭಾಗಕ್ಕೆ ಬೆನ್ನು ತಿರುಗಿಸಿ ಡೆಮಾಕ್ರಟ್‌ಗಳಿಗೆ ಒಂದು ಮತ ಕೊಟ್ಟಿತು.

2024ರ ಶರತ್ಕಾಲದಲ್ಲಿ ನಮ್ಮ ಬೀದಿ ನೋಡಬೇಕಿತ್ತು. ಮನೆಯಂಗಳದಲ್ಲಿ ಅಭ್ಯರ್ಥಿಯ ಹೆಸರೂ ಇಲ್ಲ, ಘೋಷಣೆಯೂ ಇಲ್ಲ. ಬಿಳಿ ಹಲಗೆಯ ಮೇಲೆ ಡೆಮಾಕ್ರಟ್‌ಗಳ ಬಣ್ಣವಾದ ನೀಲಿಯ ಒಂದು ಚುಕ್ಕೆ, ಅಷ್ಟೇ. ಸಂಕ್ರಾಂತಿಗೆ ಬಂದಿದ್ದ ನಮ್ಮ ಅತ್ತೆ, ಅಳಿದುಳಿದ ಒಂದೆರಡು ಹಲಗೆ ನೋಡಿ, ‘ಯಾರ ಮನೆಯಲ್ಲಿ ಮಗು ಹುಟ್ಟಿದೆ?’ ಎಂದರು. ಆ ಚುಕ್ಕೆಯನ್ನು ಅಳಿಸಿ ಐದೂ ಮತ ಒಬ್ಬರಿಗೇ ಕೊಡಿಸಬೇಕೆಂದು ಸೆಪ್ಟೆಂಬರಿನಲ್ಲಿ ದೊಡ್ಡ ಒತ್ತಡ ಬಂದಿತ್ತು. ಡೆಮಾಕ್ರಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ ಸೇರಿದ್ದ ಒಬ್ಬ ಶಾಸಕರು, ಚುನಾವಣೆ ಇಷ್ಟು ಹತ್ತಿರ ಬಂದಾಗ ನಿಯಮ ಬದಲಿಸುವುದಿಲ್ಲ ಎಂದು ಕೂತುಬಿಟ್ಟರು, ಪ್ರಯತ್ನ ಅಲ್ಲಿಗೇ ನಿಂತಿತು. ಮಲೆನಾಡಿಗರಿಗೆ ಆತ್ಮಸಾಕ್ಷಿ ಬೇಕಿದ್ದರೆ ಅದನ್ನು ಹುಡುಕಬೇಕಾದ ಜಾಗ ಇದು. ಎಲೆಕ್ಟರ್‌ನ ಲೇಖನಿಯಲ್ಲಲ್ಲ, ನಿಯಮ ಬರೆಯುವ ಶಾಸಕನ ಕುರ್ಚಿಯಲ್ಲಿ.

ಮಲೆನಾಡಿಗ:

ಇದನ್ನು ಒಪ್ಪುತ್ತೇನೆ. ಆದರೂ ಒಂದು ಮಾತು. ಚುನಾವಣೆ ಮುಗಿದ ಮೇಲೆ ಅದೇ ಶಾಸಕಾಂಗ ‘ಜನರ ಮತ ಹಾಗಿರಲಿ, ನಾವೇ ನೇಮಿಸುತ್ತೇವೆ’ ಎಂದರೆ? ದಕ್ಷಿಣ ಕೆರೊಲಿನಾದ ಹಳೆಯ ಚಾಳಿ ಮರಳಿದರೆ?

ಹಳೆಯ ವಕೀಲ, ದಾವಣಗೆರೆ:

ಅದಕ್ಕೆ 2022ರ ಕೊನೆಯಲ್ಲಿ ಅಲ್ಲಿನ ಸಂಸತ್ತು ಬೇಲಿ ಹಾಕಿತು. ಎಲೆಕ್ಟರ್‌ಗಳ ನೇಮಕ ಚುನಾವಣಾ ದಿನಕ್ಕೆ ಮೊದಲೇ ಜಾರಿಯಲ್ಲಿದ್ದ ಕಾನೂನಿನಂತೆಯೇ ಆಗಬೇಕು. ಯಾರು ನೇಮಕವಾದರು ಎಂಬ ಪ್ರಮಾಣಪತ್ರವನ್ನು ರಾಜ್ಯದ ಕಾರ್ಯಾಂಗ, ಸಾಮಾನ್ಯವಾಗಿ ಗವರ್ನರ್, ಎಲೆಕ್ಟರ್‌ಗಳ ಸಭೆಗೆ ಆರು ದಿನ ಮೊದಲೇ ಹೊರಡಿಸಬೇಕು. ಸಭೆ ಡಿಸೆಂಬರಿನ ಎರಡನೆಯ ಬುಧವಾರದ ನಂತರದ ಮೊದಲ ಮಂಗಳವಾರ. ಹಿಂದೆ ಸೋಮವಾರ ಇತ್ತು. ಹೀಗಾಗಿ 2024ರಲ್ಲಿ ಎಲ್ಲ ರಾಜ್ಯಗಳ ಎಲೆಕ್ಟರ್‌ಗಳೂ ಡಿಸೆಂಬರ್ 17ರಂದು ಅವರವರ ರಾಜ್ಯದಲ್ಲಿ ಸೇರಿದರು. 538 ಮಂದಿ ಒಂದೇ ಚಾವಣಿಯ ಕೆಳಗೆ ಎಂದೂ ಸೇರುವುದಿಲ್ಲ, ‘ಎಲೆಕ್ಟೋರಲ್ ಕಾಲೇಜು’ ಎಂಬ ಹೆಸರಿಗೆ ಕಟ್ಟಡವೇ ಇಲ್ಲ.

ಟಕೋಮಾದ ಕಾಫಿಪುಡಿ:

ನಮ್ಮ ರಾಜ್ಯದ ಕಾನೂನು ಈಗ ಬದಲಾಗಿದೆ ಎನ್ನುವುದನ್ನು ಸೇರಿಸಿ. ನ್ಯಾಯಾಲಯದಲ್ಲಿ ದಂಡದ ಜಗಳ ನಡೆಯುತ್ತಿರುವಾಗಲೇ, 2019ರಲ್ಲಿ, ದಂಡವನ್ನೇ ಕೈಬಿಟ್ಟು ಬೇರೆ ಉಪಾಯ ತಂದರು. ಪ್ರತಿ ಎಲೆಕ್ಟರ್‌ಗೂ ಒಬ್ಬ ಬದಲಿ ಇರುತ್ತಾರೆ. ಎಲೆಕ್ಟರ್ ಗುರುತು ಹಾಕಿದ ಮತಪತ್ರವನ್ನು ರಾಜ್ಯ ಕಾರ್ಯದರ್ಶಿ ಅಲ್ಲೇ ಪರಿಶೀಲಿಸುತ್ತಾರೆ. ಮುಚ್ಚಳಿಕೆಗೆ ವಿರುದ್ಧವಾಗಿದ್ದರೆ, ಅಥವಾ ಖಾಲಿ ಇದ್ದರೆ, ಅದನ್ನು ಸ್ವೀಕರಿಸುವುದೇ ಇಲ್ಲ. ಆ ಕ್ಷಣಕ್ಕೆ ಎಲೆಕ್ಟರ್ ಸ್ಥಾನ ತೆರವಾಯಿತು ಎಂದರ್ಥ. ಬದಲಿ ವ್ಯಕ್ತಿ ಬಂದು ಮತ ಹಾಕುತ್ತಾರೆ. ಹಿಂದಿನ ಕಾನೂನಿನಲ್ಲಿ ದಂಡ ತೆತ್ತರೂ ತಪ್ಪಿದ ಮತ ಎಣಿಕೆಗೆ ಹೋಗುತ್ತಿತ್ತು. ಪೊವೆಲ್ ಅವರ ಮೂರು ಮತ ಇಂದಿಗೂ ದಾಖಲೆಯಲ್ಲಿವೆ. ಈಗ ಮತವೇ ಹುಟ್ಟುವುದಿಲ್ಲ.

ಸುಮ್ಮನೆ ಓದುವವನು:

ನಮ್ಮ ರಾಜ್ಯಸಭಾ ಚುನಾವಣೆಯಲ್ಲಿ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ ಹಾಕಬೇಕಲ್ಲ, ಅದರ ಅಕ್ಕನೋ ತಂಗಿಯೋ ಇದ್ದಂತಿದೆ. ಆದರೆ ನಮ್ಮಲ್ಲಿ ತೋರಿಸಿಯೂ ಅಡ್ಡ ಮತ ಹಾಕುತ್ತಾರೆ. 2024ರ ಫೆಬ್ರುವರಿಯಲ್ಲಿ ವಿಧಾನಸೌಧದಲ್ಲಿ ನೋಡಿದೆವು. ಅಡ್ಡ ಬಿದ್ದ ಮತವೂ ಎಣಿಕೆಯಾಯಿತು. ಹಾಗಾಗಿಯೇ ನಮಗೆ ಬದಲಿ ಶಾಸಕರ ಬದಲು ರೆಸಾರ್ಟು ಬೇಕಾಗುತ್ತದೆ.

ಒಮಾಹಾದಿಂದ:

ಬಾಥೆಲ್‌ವಾಸಿಯವರೇ, ನಿಮಗೆ ಇನ್ನೊಂದು ಸುದ್ದಿ ಗೊತ್ತೇ? ದೇಶದಾದ್ಯಂತ ಹೆಚ್ಚು ಜನಮತ ಪಡೆದವರಿಗೇ ತಮ್ಮ ಎಲ್ಲ ಎಲೆಕ್ಟರ್‌ಗಳನ್ನು ಕೊಡುತ್ತೇವೆ ಎಂದು ಕೆಲವು ರಾಜ್ಯಗಳು ಒಪ್ಪಂದ ಮಾಡಿಕೊಂಡಿವೆ. ನಿಮ್ಮ ರಾಜ್ಯ 2009ರಲ್ಲೇ ಸೇರಿದೆ. ಸೇರಿದ ರಾಜ್ಯಗಳ ಮತ 270 ಮುಟ್ಟಿದರೆ ಮಾತ್ರ ಜಾರಿ. ಮೇನ್ 2024ರಲ್ಲಿ ಸೇರಿದಾಗ 209 ಆಗಿತ್ತು.

ಬಾಥೆಲ್‌ವಾಸಿ:

ಒಂದು ನಿಮಿಷ. 2024ರಲ್ಲಿ ನಮ್ಮ ರಾಜ್ಯದಲ್ಲಿ ಕಮಲಾ ಹ್ಯಾರಿಸ್ ಶೇ 57ರಷ್ಟು ಮತ ಪಡೆದರು. ದೇಶದ ಒಟ್ಟು ಮತದಲ್ಲಿ ಮುಂದಿದ್ದವರು ಟ್ರಂಪ್. ಒಪ್ಪಂದ ಜಾರಿಯಲ್ಲಿದ್ದಿದ್ದರೆ ವಾಷಿಂಗ್ಟನ್ನಿನ 12 ಮತ ಟ್ರಂಪ್‌ಗೆ ಹೋಗುತ್ತಿತ್ತೇ?

ಒಮಾಹಾದಿಂದ:

ಹೌದು. ರಿಪಬ್ಲಿಕನ್ ಪಕ್ಷದ 12 ಎಲೆಕ್ಟರ್‌ಗಳೇ ನೇಮಕವಾಗುತ್ತಿದ್ದರು. ಅವರ ಪಟ್ಟಿಯೂ ರಾಜ್ಯ ಕಾರ್ಯದರ್ಶಿಯ ಬಳಿ ಸಿದ್ಧವಾಗಿತ್ತು, ಮುಚ್ಚಳಿಕೆಯ ಸಮೇತ.

ಟಕೋಮಾದ ಕಾಫಿಪುಡಿ:

ಸಿಯಾಟಲ್‌ನಲ್ಲಿ ಆ ಡಿಸೆಂಬರಿನ ದೃಶ್ಯ ಊಹಿಸಿಕೊಳ್ಳಲೂ ಧೈರ್ಯ ಬರುತ್ತಿಲ್ಲ. ನಾನು ಈ ಒಪ್ಪಂದದ ಪರ ಸಹಿ ಸಂಗ್ರಹಿಸಿದವಳು, ಈಗಲೂ ಪರವೇ. ಆದರೆ ಇದನ್ನು ನೆರೆಮನೆಯವರಿಗೆ ವಿವರಿಸುವಾಗ ದನಿ ತಗ್ಗುತ್ತದೆ.

ಬಾಥೆಲ್‌ವಾಸಿ:

ನಾನು ಎಲೆಕ್ಟರ್ ಆಗಬಹುದೇ? ಹುಟ್ಟಿದ್ದು ಹಾಸನದಲ್ಲಿ, ಅಧ್ಯಕ್ಷನಾಗುವ ಯೋಗವಂತೂ ಇಲ್ಲ.

ಹಳೆಯ ವಕೀಲ, ದಾವಣಗೆರೆ:

ಜನ್ಮತಃ ಪೌರನಾಗಿರಬೇಕು ಎಂಬ ನಿಯಮ ಅಧ್ಯಕ್ಷರಿಗೆ, ಎಲೆಕ್ಟರ್‌ಗೆ ಅಲ್ಲ. ಸಂವಿಧಾನ ತಡೆಯುವುದು ಮುಖ್ಯವಾಗಿ ಸಂಸತ್ ಸದಸ್ಯರನ್ನು ಮತ್ತು ಕೇಂದ್ರ ಸರ್ಕಾರದ ಹುದ್ದೆಯಲ್ಲಿರುವವರನ್ನು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1876ರಲ್ಲಿ ನಿಮ್ಮ ಪಕ್ಕದ ಆರೆಗಾನ್‌ನಲ್ಲಿ ಜಾನ್ ವಾಟ್ಸ್ ಎಂಬ ಎಲೆಕ್ಟರ್ ಒಂದು ಪುಟ್ಟ ಊರಿನ ಪೋಸ್ಟ್ ಮಾಸ್ಟರ್ ಆಗಿದ್ದ. ಅಂಚೆ ಕಚೇರಿ ಕೇಂದ್ರದ್ದು. ಅಷ್ಟೇ ಸಾಕಾಯಿತು. ಗವರ್ನರ್ ವಿರೋಧ ಪಕ್ಷದವರು. ವಾಟ್ಸ್ ಅನರ್ಹ ಎಂದು ಹೇಳಿ ತಮ್ಮ ಪಕ್ಷದವನಿಗೆ ಪ್ರಮಾಣಪತ್ರ ಕೊಟ್ಟರು. ಒಂದೇ ಸ್ಥಾನಕ್ಕೆ ಎರಡು ಮತ ರಾಜಧಾನಿಗೆ ಹೋದವು. ಕೊನೆಗೆ ವಿಶೇಷ ಆಯೋಗ ಕೂತು ತೀರ್ಮಾನಿಸಿದಾಗ ರುದರ್‌ಫರ್ಡ್ ಹೇಯ್ಸ್ 185, ಸ್ಯಾಮ್ಯುಯೆಲ್ ಟಿಲ್ಡನ್ 184. ಒಂದೇ ಮತದ ಅಂತರ! ಎಲೆಕ್ಟರ್ ಎಂದರೆ ಅಂಚೆಯವನು, ಕೊಟ್ಟದ್ದನ್ನು ತಲುಪಿಸುವವನು ಎಂದು ನಾವೆಲ್ಲ ಹೇಳುತ್ತೇವೆ. ನಿಜವಾದ ಅಂಚೆಯವನೇ ಎಲೆಕ್ಟರ್ ಆದಾಗ ದೇಶ ನಡುಗಿತ್ತು.

ಬಾಥೆಲ್‌ವಾಸಿ:

ನಾನು ಸಾಫ್ಟ್‌ವೇರ್ ಕೂಲಿ, ಕೇಂದ್ರ ಸರ್ಕಾರದ ಸಂಬಂಧವಿಲ್ಲ. 2028ರ ಕ್ಷೇತ್ರ ಸಭೆಗೆ ಹೋಗುತ್ತೇನೆ. ಒಂದು ನಿಮಿಷದ ಭಾಷಣವಲ್ಲವೇ, ಕುರ್ಚಿ ಖಾಲಿಯಾದ ಮೇಲೆ ಮಾತಾಡಲು ನನಗೆ ಸಂಕೋಚವಿಲ್ಲ. ಮಲೆನಾಡಿಗರೇ, ಮುಚ್ಚಳಿಕೆ ಬರೆದರೆ ತಪ್ಪುವುದಿಲ್ಲ, ಕ್ಷಮಿಸಿ.

ಮಲೆನಾಡಿಗ:

ಬರೆಯುವ ಮೊದಲು ಅಭ್ಯರ್ಥಿ ಯಾರೆಂದು ನೋಡಿಕೊಂಡು ಬರೆಯಿರಿ. ಆತ್ಮಸಾಕ್ಷಿಯನ್ನು ಡಿಸೆಂಬರಿಗೆ ಇಟ್ಟುಕೊಳ್ಳದೆ ಬೇಸಿಗೆಯಲ್ಲೇ ಖರ್ಚು ಮಾಡಿ. ಅಷ್ಟು ಮಾಡಿದರೆ ನನ್ನ ತಕರಾರಿಲ್ಲ.

ಸುಮ್ಮನೆ ಓದುವವನು:

ಗೆದ್ದರೆ ಮತಪತ್ರಕ್ಕೆ ಯಾವ ಭಾಷೆಯಲ್ಲಿ ಸಹಿ ಮಾಡುತ್ತೀರಿ?

ಟಕೋಮಾದ ಕಾಫಿಪುಡಿ:

ಈಗಿನ ಕಾನೂನಿನಂತೆ ಎಲೆಕ್ಟರ್ ಮತಪತ್ರಕ್ಕೆ ಸಹಿ ಮಾಡಿ, ಪಕ್ಕದಲ್ಲಿ ತನ್ನ ಹೆಸರನ್ನು ಓದಲು ಬರುವಂತೆ ಬಿಡಿಸಿ ಬರೆಯಬೇಕು.

ಹಳೆಯ ವಕೀಲ, ದಾವಣಗೆರೆ:

ಯಾರಿಗೆ ಓದಲು ಬರುವಂತೆ ಎಂದು ಬರೆದಿಲ್ಲ. ಆದರೂ ಆ ದಿನ ಇಂಗ್ಲಿಷಿನಲ್ಲೇ ಮಾಡಿಬಿಡಿ ಮಾರಾಯರೇ, ಬದಲಿ ಎಲೆಕ್ಟರ್ ಪಕ್ಕದಲ್ಲೇ ಪೆನ್ನು ಹಿಡಿದು ನಿಂತಿರುತ್ತಾನೆ.